ತೂಬಿನ ವಾಚು

…ಸಮುದ್ರದ ತಳಾ ಮುಟ್ಟಿ ಬಂದ ವಾಚು ಇದು, ರಹಿಮಾನಸಾಬ್ರ. ಮ್ಯಾಲ ಹಡಗ ನಿಂತಿತ್ತು, ಕೆಳಗ ಗಂವ್ವ ಅನ್ನೋ ಕತ್ತಲಿ, ಮಾರಿ ಮುಂದ ಎಮ್ಮಿ ಕರಾದಷ್ಟು ದೊಡ್ಡ ಮೀನ ಹಾಯ್ದು ಹೋಗತಿದ್ವು. ವಾಚ ಮಾತ್ರ ತನ್ನ ಪಾಡಿಗೆ ತಾ ನಡದಿತ್ತು. ಅದನ್ನ ಕಟ್ಟಿಕೊಂಡ ಇಳದಾವ ಯಾರು? ಈ ದುಂಡಪ್ಪ.

ಆತು, ಆತು. ಹಂಗ ನೋಡಬ್ಯಾಡ್ರಿ. ಸುಳ್ಳು. ಸಮುದ್ರಾ ನಾ ನೋಡಿದ್ದು ಗೋವಾದಾಗ, ಚಪ್ಪಲಿ ಕೈಯಾಗ ಹಿಡಕೊಂಡು, ಮೊಣಕಾಲ ಮಟ. ವಾಚ ತಗೊಂಡಿದ್ದೂ ಅಲ್ಲೇ, ಒಂದ ಸೆಕೆಂಡಹ್ಯಾಂಡ ಅಂಗಡ್ಯಾಗ. ಕಬ್ಬಿನ ಬಿಲ್ ಬಂದ ಹುರಪಿನ್ಯಾಗ. ಆದರ ನೀರಾಗ ಮುಳಗವರ ವಾಚ ಅನ್ನೋದು ಖರೇ ಐತಿ. ಅದಕ್ಕ ನೋಡ್ರಿ ಇದರ ಚಾವಿ ಬ್ಯಾರೆ ನಮೂನಿ. ಎಳದರ ಬರಂಗಿಲ್ಲ. ಬಾಟಲಿ ಮುಚ್ಚಳ ಇದ್ದಂಗ, ಮೊದಲ ತಿರುವಿ ಬಿಚ್ಚಬೇಕು, ಆಮ್ಯಾಲ ಮುಳ್ಳ ಆಡಸಬೇಕು, ಮತ್ತ ಒತ್ತಿ ತಿರುವಿ ಬಿಗೀಬೇಕು. ಬಿಗದರ ನೀರ ಒಳಗ ಹೋಗಂಗಿಲ್ಲ.

ಕುಂದರ್ರಿ ಕುಂದರ್ರಿ. ಇಲ್ಲೇನ? ಆ ಕಡೆ ಬೆಂಚಿಗೆ ಗಾಳಿ ಚಲೋ ಬರತಿತ್ತು… ಆತು ಬಿಡ್ರಿ, ಇಲ್ಲೇ ಕುಂದರ್ರಿ. ಆದರ ನೋಡ್ರಿ, ಹಿಂದ ಗ್ವಾಡಿ, ಮುಂದ ಟೇಬಲ್, ಬಾಜೂಕ ನೀವು. ಇನ್ನ ನೀವು ಏಳೂ ತನಕ ನನಗ ಬಿಡಗಡಿ ಇಲ್ಲ. ಮಾಲಕರ, ಎರಡ ಚಾ ಹಾಕ್ರಿ, ಸಾಬರಿಗೆ ಸಕ್ರಿ ಕಡಿಮಿ.

ನಾನೇನು? ನಾನು ಬೈಲಹೊಂಗಲಕ್ಕ ಬಂದದ್ದು ಮಹಾನಂದಾನ ಚಸ್ಮಾ ಮಾಡಸಾಕ. ಅಕಿ ಎಲ್ಲಿ ಅದಾಳ? ಮನ್ಯಾಗ ಅದಾಳ. ಹೆಂಡತಿ ಕಣ್ಣ ಹ್ಯಾಂಗ ಅದಾವ ಅನ್ನೋದು ಗಂಡಗ ಗೊತ್ತಿರಂಗಿಲ್ಲೇನು? …ಹೌದ್ರಿ, ಎದರಿಗಿನ ಅಂಗಡಿ ಚಸ್ಮಾದ್ದಲ್ಲ, ಬೋರ್ಡ್ ನಾನೂ ಓದೇನಿ. ವಾಚ ರಿಪೇರಿ ಅಂತ ಬರದಾರ. ಶಟರ್ ಇನ್ನೂ ಎತ್ತಿಲ್ಲ. ನಾನು ಅದರ ಕಡೆ ಮಾರಿ ಮಾಡಿ ಕುಂತೇನಿ, ಅಷ್ಟ. ಚಾದಂಗಡ್ಯಾಗ ಕುಂತಾವ ಎಲ್ಲೋ ಒಂದ ಕಡೆ ಮಾರಿ ಮಾಡಬೇಕಲ್ಲ.

ಯಾಕ ನಗತೀರಿ? ಕೈ ಆಡಸೋದಕ್ಕೇನು? ನಿಮಗ ಗೊತ್ತಿದ್ದದ್ದ ಐತಿ, ಆದರೂ ನಗತೀರಿ. ನಗ್ರಿ, ನೀವು ನಕ್ಕರ ನನಗೊಂದ ಸಮಾಧಾನ. ಇದಕ್ಕ ಸೆಲ್ಲಿಲ್ಲ. ಕೈ ಆಡಿದರ ವಾಚ ಆಡತೈತಿ, ಕೈ ನಿಂತರ ಅದೂ ನಿಲ್ಲತೈತಿ. ಚಾವಿ ಹಿಡದ ಕುಂತ ವಾಚು, ಒಮ್ಮಿ ನಿಂತರ ಮತ್ತ ಸರಿ ಮಾಡಾಕ ಬರಂಗಿಲ್ಲ. ಅದಕ್ಕ ದಸರಾದಿಂದ ಹಗಲ ರಾತ್ರಿ ಇದನ್ನ ಆಡಸಾಕ ಹತ್ತೇನಿ. ಇವತ್ತ ಯರಗಟ್ಟಿ ಬಸ್ಸಿನ್ಯಾಗ ಒಬ್ಬಾಕಿ ಮುದಕಿ ನನ್ನ ಕೈ ಹಿಡದು, ವಾಯು ಆಗೇತೇನೋ ತಮ್ಮಾ, ಮುನವಳ್ಳ್ಯಾಗ ಔಷಧ ಕೊಡತಾರ ಅಂದ್ಲು. ಮಲಗುವಾಗ ಮೊಮ್ಮಗನ ತೊಟ್ಟಲದ ಹಗ್ಗಕ್ಕ ಕಟ್ಟತಿದ್ದೆ. ಮಹಾನಂದಾ ಬೈದು ಬಿಚ್ಚಿ ಒಗದ್ಲು. ಆಮ್ಯಾಲ ಎಮ್ಮಿ ಕೊರಳಿಗೆ ಕಟ್ಟಿದೆ. ಬೆಳತನಕ ಮೆಲಕ ಹಾಕಿ ಹಾಕಿ ಎಮ್ಮಿ ಚಾವಿ ತುಂಬಿ ಕೊಡತಿತ್ತು. ಇಲ್ಲ, ಎಮ್ಮಿ ಸುಳ್ಳಲ್ಲ. ಎಮ್ಮಿ ಖರೇ. ಒಂದ ಸಲ ಖರೇ.

ಮತ್ತೊಂದ ಮಜಾ ಕೇಳ್ರಿ. ಇದು ಹುಚ್ಚ ವಾಚು. ತಾರೀಖಿನ ಕಿಡಕಿ ಐತಿ ನೋಡ್ರಿ, ಇಲ್ಲೆ, ಸಣ್ಣದು. ಎಲ್ಲಾ ತಿಂಗಳಕ್ಕೂ ಮೂವತ್ತೊಂದ ದಿನಾನ ಎಣಸತೈತಿ. ಮೂವತ್ತ ದಿನದ ತಿಂಗಳು ಅಂತ ಒಂದ ಐತಿ ಅನ್ನೋದ ಅದಕ್ಕ ಗೊತ್ತಿಲ್ಲ. ಅಂಥಾ ತಿಂಗಳ ಮುಗದಾಗ ನಾವ ಚಾವಿ ಬಿಚ್ಚಿ ಒಂದ ದಿನ ಮುಂದ ದೂಡಬೇಕು. ಇಷ್ಟೆಲ್ಲಾ ಮಾಡಿದ ಸ್ವಿಸ್ ಮಂದಿಗೆ ಫೆಬ್ರುವರಿ ಸುದ್ದಿ ಯಾರೂ ಹೇಳಿಲ್ಲ ಕಾಣತೈತಿ.

ತಗೋರಿ, ಚಾ ಬಂತು.

ದಸರಾದಾಗ ತೂಬಿನ ಜಗಳ ಆದ ದಿನ ನೀವು ಊರಾಗ ಇರಲಿಲ್ಲ, ಅದ ನನಗ ಕೆಡಕ ಅನಸತೈತಿ. ಸಾಯಿಮಾನ ಮನಿಗೆ ರಾಮದುರ್ಗಕ್ಕ ಹೋಗಿದ್ರಿ. ಮಗಳ ಮನಿ ಬಿರ್ಯಾನಿ ಉಂಡು ಬರೂದ್ರಾಗ ನಮ್ಮ ತೂಬಿಗೆ ಹೊಸಾ ಕಾಯ್ದೆ ಬಂದಿತ್ತು. ಮಂದಿ ನಿಮಗ ಏನೇನರ ಹೇಳಿರಬೇಕು. ನನ್ನ ಬಾಯಿಲೆ ಕೇಳ್ರಿ. ಸತ್ಯಪ್ಪ ತನ್ನ ಮೊಬೈಲಿನ್ಯಾಗ ಹೊತ್ತು ಮುಂದ ಮಾಡಿ, ನನ್ನ ಪಾಳಿ ಬಂತು ಅಂತ ತೂಬಿನ ಹಲಗಿ ತನ್ನ ಹೊಲದ ಕಡೆ ತಿರುವಿದ್ದ. ಜಗಳ. ಸನಕಿ, ಗುದ್ದಲಿ ಮ್ಯಾಲೆದ್ವು. ಒಬ್ಬಂದು ಒಂದ ಹೊತ್ತು, ಇನ್ನೊಬ್ಬಂದು ಇನ್ನೊಂದ ಹೊತ್ತು. ಕಾಲುವಿ ನೀರ ಮಾತ್ರ ಯಾರ ಕೈಯಾಗೂ ಸಿಗಲಾರದ ಹರದ ಹೊಂಟಿತ್ತು. ಆಗ ಊರ ಹಿರ್ಯಾ ಅಮೋಘಸಿದ್ದಪ್ಪಜ್ಜ ಕಟ್ಟಿ ಮ್ಯಾಲ ಕುಂತು ಕೇಳಿದ, ಯಾರೂ ತಿರುವಾಕ ಬರಲಾರದ ಹೊತ್ತು ಯಾರಹತ್ರ ಐತಿ ಅಂತ.

ನನ್ನ ಬಾಯಿ ಸುಮ್ಮನಿರತೈತೇನ್ರಿ? ನನ್ನಹತ್ರ ಐತಿ ಅಜ್ಜಾ ಅಂದೆ. ಚಾವಿ ಹಿಡದ ಕುಂತೇತಿ, ದೇವರ ಬಂದರೂ ಬಿಚ್ಚಂಗಿಲ್ಲ ಅಂದೆ. ಅಜ್ಜ ಸುಮ್ಮನ ಒಪ್ಪಾವೇನು? ಎಲ್ಲಾರ ಕೈಯಾಗೂ ಕೊಟ್ಟ. ಸತ್ಯಪ್ಪ ಎತ್ತಿನ ಗಾಡಿ ಒಬ್ಬನ ಎತ್ತಾವ, ಮಾರಿ ಕೆಂಪ ಮಾಡಕೊಂಡ ತಿರುವಿದ. ಬರಲಿಲ್ಲ. ಕೆಂಚವ್ವ ಸೆರಗಿನ್ಯಾಗ ಹಿಡದು ತಿರುವಿದ್ಲು. ಬರಲಿಲ್ಲ. ನಾನು ಬಾಜೂಕ ನಿಂತು ಒಬ್ಬೊಬ್ಬರಿಗೂ ಹೇಳತಿದ್ದೆ, ಬಲಕ್ಕ ತಿರುವ್ರಿ, ಇನ್ನೂ ಬಲಕ್ಕ ತಿರುವ್ರಿ…

ಏನು? ಬಲಕ್ಕ ಅಂದ್ನೇನು? ಬಲಕ್ಕೋ ಎಡಕ್ಕೋ, ಹಿಡದ ಚಾವಿಗೆ ಬಲಾ ಏನು ಎಡಾ ಏನು. ಚಾ ಕುಡೀರಿ, ಆರತೈತಿ.

ಅಜ್ಜ ವಾಚ ಕಣ್ಣಿಗೆ ಒತ್ತಿಕೊಂಡ. ಇನ್ನ ಮ್ಯಾಲ ತೂಬಿನ ಹೊತ್ತು ಅಂದ್ರ ಇದ, ಒಡ್ಡಿನ ಮ್ಯಾಲ ಮೊಬೈಲ್ ಮಾತ ನಡಿಯಂಗಿಲ್ಲ ಅಂದ. ಮುಗೀತು. ಅವತ್ತಿನಿಂದ ಇದು ನನ್ನ ವಾಚ ಅಲ್ಲ, ತೂಬಿನ ವಾಚು. ನಾನು ವಾಚಿನ ಮಾಲಕ ಅಲ್ಲ, ವಾಚ ಕಟ್ಟಿದ ಗೂಟ. ಮದವಿಗೆ ಹೋದರೂ ಕೇಳತಾರ, ಮಣ್ಣಿಗೆ ಹೋದರೂ ಕೇಳತಾರ, ದುಂಡಪ್ಪಾ, ತೂಬಿನ ವಾಚ ಎಷ್ಟಾತು? ನನ್ನ ಮಾರಿ ಯಾರೂ ನೋಡಂಗಿಲ್ಲ, ಎಲ್ಲಾರ ಕಣ್ಣೂ ಮಣಿಕಟ್ಟಿನ ಮ್ಯಾಲ. ಸತ್ಯಪ್ಪನ ಲಗ್ನದಾಗ ಬಾಸಿಂಗ ಬಚ್ಚಿಟ್ಟು ಅರ್ಧಾ ಊರ ಹುಡಕಿಸಿದ ಮನಶಾ ನಾನು. ನನ್ನ ಮಾತ ಒಬ್ಬರೂ ನಂಬತಿರಲಿಲ್ಲ, ಎಷ್ಟ ಹಗರ ಇತ್ತು ಜೀವ. ಈಗ ನೋಡ್ರಿ, ನಾನು ಹೇಳಿದ್ದ ಹೊತ್ತಿಗೆ ಎಲ್ಲಾರೂ ಹೂಂ ಅಂತಾರ.

ನೀವೂ ಹೂಂ ಅಂದ್ರಿ. ಮುಂಜಾನಿ ನನ್ನ ಪಾಳಿ, ಹೊತ್ತ ಏರಿದ ಮ್ಯಾಲ ನಿಮ್ಮದು, ಸಂಜಿಗೆ ಸತ್ಯಪ್ಪಂದು. ನನ್ನ ಪಾಳಿ ಮುಗೀತಂದ್ರ ನೀವು ಸನಕಿ ಹೆಗಲಮ್ಯಾಲ ಹೊತ್ತು ಬಂದು, ಆತೇನ್ರಿ ದುಂಡಪ್ಪಾರ ಅಂತ ಕೇಳತಿದ್ರಿ. ಇನ್ನೂ ಆಗಿಲ್ಲ ಅಂದ್ರ ಬೇವಿನ ಗಿಡದ ಬುಡಕ್ಕ ಕುಂದರತಿದ್ರಿ. ಕಿಸೇದಾಗಿನ ಮೊಬೈಲ್ ಒಂದ ಸಲಾನೂ ತಗೀಲಿಲ್ಲ. ಅಂಥಾ ಮನಶಾ ನೀವು.

ಹಾಂ, ಮರತೆ. ಹೋದ ಪಾಳಿಗೆ ನಿಮ್ಮ ಕಡೀ ಮಡಿ ತನಕ ನೀರ ಮುಟ್ಟಿತಂತಲ್ಲ. ಜುಬೇದಾಬಿಯಾರು ಮನಿ ಮಟ ಬಂದು ಹೇಳಿ ಹೋದ್ರು. ಈ ಸುಗ್ಗ್ಯಾಗ ಮೊದಲ ಸಲ, ಉಳ್ಳಾಗಡ್ಡಿ ತಲಿ ಎತ್ತಿ ನಿಂತಾವ ಅಂತ. ಎಷ್ಟ ಖುಷಿ ಇತ್ತು ಅವರ ಮಾರ್ಯಾಗ. ನನಗೂ ಖುಷಿ ಆತು. ಆತಂದ್ರ… ಆಗಲಾರದ ಏನು?

ಯಾಕ, ನಗೂದು ನಿಲ್ಲಿಸಿದ್ರಿ?

ಆತು, ಹೇಳತೇನಿ. ನಿಮ್ಮಹತ್ರ ಮುಚ್ಚಿಡೋದು ಏನೈತಿ. ವಾಚ ಜರಾ ಹಿಂದ ಬಿದ್ದೇತಿ. ತಾನ ಬಿದ್ದೇತಿ. ವಯಸ್ಸಾಗೇತಿ, ನಮ್ಮಂಗ. ಸುಮ್ಮನ ತೋರಿಸಿ ಬರೋಣು ಅಂತ ಬಂದೆ. ಸವದತ್ತಿ ಸಮೀಪ ಇತ್ತು, ಆದರ ಅಲ್ಲಿ ನಮ್ಮೂರ ಮಂದಿ ಸಿಗತಾರಂತ ಇಲ್ಲಿ… ಅಂದ್ರ, ಇಲ್ಲಿ ರಿಪೇರಿ ಚಲೋ ಮಾಡತಾರಂತ. ಗದ್ದಲ ಯಾಕಂತ. ತೂಬಿನ ವಾಚ ಕೆಟ್ಟೇತಿ ಅಂತ ಅಜ್ಜನ ಕಿವಿಗೆ ಬಿದ್ದರ ಮತ್ತ ಎಲ್ಲಾರನ್ನೂ ಕಟ್ಟಿ ಮ್ಯಾಲ ಕೂಡಸತಾನ. ಮತ್ತ ಸನಕಿ ಮ್ಯಾಲೇಳತಾವ. ನಾಳೆ ಮುಂಜಾನಿ ಪಾಳಿ ಐತಿ, ಅಷ್ಟರಾಗ ಗಪ್ಪಾಗಿ ಸರಿ ಮಾಡಿಸಿಕೊಂಡ ಹೋದರ ಎಲ್ಲಾರಿಗೂ ಚಲೋ. ನಿಮಗೂ ಚಲೋ.

ನೋಡಬೇಕೇನು? ಏನ ನೋಡತೀರಿ ಬಿಡ್ರಿ… ತಗೋರಿ. ಹುಷಾರ. ಟೇಬಲ್ ಮ್ಯಾಲ ಇಡಬ್ಯಾಡ್ರಿ, ಸಾಬರ, ಆಡಸಕೋತ ಇರ್ರಿ. ಹಾಂ, ಹಂಗ.

ಆ ಗೀರೇನು? ಚಾವಿ ಮ್ಯಾಲಿಂದು? ಅದು ಎಮ್ಮಿ ಕೋಡ ತಾಗಿದ್ದು. ಕೊರಳಿಗೆ ಕಟ್ಟಿದ್ನೆಲ್ಲ. ಎರಡೂ ಬಾಜೂಕ ಒಂದ ನಮೂನಿ ಹಲ್ಲಿನ ಗುರತ ಬಿದ್ದಾವ, ಹೌದು. ಕೋಡಿಗೆ ಹಲ್ಲಿರಂಗಿಲ್ಲ, ಅದೂ ಹೌದು. ತಂತಿ ಹಿಡಿಯೋ ಪಕ್ಕಡ ಹಚ್ಚಿದೆ, ಆತೇನು? ಅರಿವಿ ಸುತ್ತಿ ಮೆಲ್ಲಕ ಹಚ್ಚಿದೆ, ಜಾರಿತು. ಮೊದಲ ಕೊಬ್ಬರಿ ಎಣ್ಣಿ ಬಿಟ್ಟು ನೋಡಿದೆ. ಸೈಕಲ್ ಟ್ಯೂಬ್ ತುಂಡ ಸುತ್ತಿ ನೋಡಿದೆ. ಚಾದ ಉಗೀ ಮ್ಯಾಲ ಹಿಡದೆ, ಮಹಾನಂದಾ ವಾಚಿಗೆ ನೆಗಡಿ ಆಗೇತೇನು ಅಂದ್ಲು. ಎಡಕ್ಕೂ ಬರವಲ್ದು, ಬಲಕ್ಕೂ ಹೋಗವಲ್ದು. ಬಾಟಲಿ ಮುಚ್ಚಳಾ ಅವಸರಲೆ ಸೊಟ್ಟ ಬಿಗದರ ಆಕ್ಕೈತೆಲ್ಲ, ಹಂಗ ಕುಂತ ಬಿಟ್ಟೇತಿ.

ಯಾರು ಬಿಗದ್ರು ಅಂದ್ರ?

…ಗೋವಾದವ ಬಿಗದಿರಬೇಕು. ಮೊದಲಿನ ಮಾಲಕ. ಸೆಕೆಂಡಹ್ಯಾಂಡ ಮಾಲ, ಯಾರ ಕೈ ಹ್ಯಾಂಗಿತ್ತೋ.

ಮೊಬೈಲ್ ತಗದ್ರಿ. ಬಾಜೂಕ ಇಟ್ರಿ. ಒಡ್ಡಿನ ಮ್ಯಾಲ ತಗೀಲಾರದಾವರು ಇಲ್ಲಿ ಚಾದಂಗಡ್ಯಾಗ ತಗದ್ರೇನು. ನೋಡ್ರಿ ನೋಡ್ರಿ, ನಾ ಹೇಳಿದೆನೆಲ್ಲ, ಅರ್ಧಾ ತಾಸ ಹಿಂದ ಐತಿ. ಮುಚ್ಚಿಟ್ಟಿಲ್ಲ. ದಸರಾದಿಂದ ದಿನಾ ಒಂದೀಟ ಒಂದೀಟ ಬಿದ್ದು ಬಿದ್ದು…

ಬೆರಳ ಎಲ್ಲಿ ಇಟ್ಟೀರಿ? ಮುಳ್ಳಿನ ಮ್ಯಾಲಲ್ಲ. ಕಿಡಕಿ ಮ್ಯಾಲ. ತಾರೀಖ ಬರೋಬ್ಬರಿ ಐತಿ. ನಿಮ್ಮ ಮೊಬೈಲಿನ್ಯಾಗ ಇದ್ದದ್ದ ಇದರಾಗೂ ಐತಿ. ಹೊತ್ತ ತಪ್ಪಿದರೂ ತಾರೀಖ ತಪ್ಪಿಲ್ಲ, ಅದ ನೋಡ್ರಿ ಹಳೇ ಮಾಲಿನ ಗತ್ತು… ತಪ್ಪಿಲ್ಲ…

ನವೆಂಬರಕ್ಕ ಮೂವತ್ತ ದಿನ.

ಹೂಂ.

ಈಗ ತಾನ ನಾನ ಹೇಳಿದೆ ಅಲ್ಲ, ಎಲ್ಲಾ ತಿಂಗಳಕ್ಕೂ ಮೂವತ್ತೊಂದ ಎಣಸೋ ಹುಚ್ಚ ವಾಚಂತ. ದಸರಾದಿಂದ ಚಾವಿ ಬಿಚ್ಚಿಲ್ಲಂದ್ರ ಡಿಸೆಂಬರದಾಗ ಇದು ಒಂದ ದಿನ ಹಿಂದ ಇರಬೇಕಿತ್ತು. ಮೊಮ್ಮಗ ಏನರ ತಿರುವಿದ್ನೇನೋ… ಸತ್ಯಪ್ಪಗ ಬಿಚ್ಚಲಾರದ್ದು ತೊಟ್ಟಲದಾಗಿನ ಕೂಸ ಬಿಚ್ಚತೈತೇನು? ಎಮ್ಮಿ ಅಂತೂ… ಇಲ್ಲ. ಎಮ್ಮಿ ಅಲ್ಲ.

ಏನರ ಅನ್ರಿ, ಸಾಬರ.

ಬೈರಿ ಬೇಕಾದರ. ಇಷ್ಟ ವರ್ಷ ನನ್ನ ಮಾತಿಗೆ ನಕ್ಕೀರಿ, ಇವತ್ತ ಒಂದ ಬೈಗಳಾ ಬರವಲ್ದೇನು ನಿಮಗ? ತಪ್ಪ ತಾರೀಖ ಕೈಯಾಗ ಕಟ್ಟಿಕೊಂಡ ತಿರಗಾಕ ಮನಸ ಒಪ್ಪಲಿಲ್ಲ. ನೋಡಿದಾಗೊಮ್ಮಿ ಹಲ್ಲಾಗ ಏನೋ ಸಿಕ್ಕಂಗ ಆಗತಿತ್ತು. ಇಷ್ಟೆಲ್ಲಾ ಸುಳ್ಳ ಕಟ್ಟಿಕೊಂಡಾವಗ ತಾರೀಖೊಂದ ಖರೇ ಇರಲಿ ಅನಸ್ತು. ಇದಕ್ಕಾದರೂ ನಗಬೇಕಿತ್ತು ನೀವು.

ಮಸ್ಕಿರಿಯಾಗೇ ಸುರು ಆಗಿತ್ತು. ಆಣಿ ಮಾಡತೇನಿ… ಬ್ಯಾಡ, ಆಣಿ ಬ್ಯಾಡ. ಅವತ್ತು ಎಲ್ಲಾರೂ ಬಲಕ್ಕ ತಿರುವಿ ತಿರುವಿ ಬೆವತ ಮ್ಯಾಲ, ನಾನು ಎರಡ ಬೆರಳಲೆ ಎಡಕ್ಕ ತಿರುವಿ ಬಿಚ್ಚಿ ತೋರಿಸಬೇಕು, ಎಲ್ಲಾರೂ ಬಿದ್ದ ಬಿದ್ದ ನಗಬೇಕು, ಸತ್ಯಪ್ಪ ಚಪ್ಪಲಿ ತಗೊಂಡ ಬೆನ್ನ ಹತ್ತಬೇಕು, ಅಷ್ಟ ನನ್ನ ಹಿಕಮತ್ತ ಇತ್ತು. ಅಷ್ಟರಾಗ ಅಜ್ಜ ಕಣ್ಣಿಗೆ ಒತ್ತಿಕೊಂಡ ಬಿಟ್ಟ. ಕಣ್ಣಿಗೆ ಒತ್ತಿಕೊಂಡ ಮ್ಯಾಲ ಹ್ಯಾಂಗ ಹೇಳಬೇಕು? ನಾಳೆ ಹೇಳೋಣು ಅಂದೆ. ಪಾಳಿ ಬಂತು. ನನ್ನ ಗೋವಿನಜೋಳದಾಗ ಎರಡ ಸಾಲ ಉಳದಿದ್ವು, ನೀವು ಬೇವಿನ ಬುಡಕ್ಕ ಬಂದು ಕುಂತಿದ್ರಿ. ಕೈ ತಾನ ಚಾವಿ ಕಡೆ ಹೋತು.

ನನ್ನ ಪಾಳಿಯಾಗ ಅರ್ಧಾ ತಾಸ ಹಿಂದ ಮಾಡತಿದ್ದೆ, ನಿಮ್ಮ ಪಾಳಿಯಾಗ ಮತ್ತ ಮುಂದ. ಸಂಜಿಗೆ ಸತ್ಯಪ್ಪ ಬರೂದ್ರಾಗ ವಾಚ ಖರೇ ಹೊತ್ತಿಗೆ ಬಂದ ನಿಂತಿರತಿತ್ತು. ಸತ್ಯಪ್ಪಗ ಏನೂ ಆಗಲಿಲ್ಲ. ಅಜ್ಜಗ ಏನೂ ಆಗಲಿಲ್ಲ. ನಿಮ್ಮದ ಅಷ್ಟ…

ಹೋದ ಪಾಳಿಗೆ ಹಿಂದ ಮಾಡಿ ಬಿಗಿಯೂದ್ರಾಗ ನೀವು ಒಡ್ಡ ಹತ್ತಿ ಬರಾಕ ಹತ್ತಿದ್ರಿ. ಅವಸರಲೆ ಸೊಟ್ಟ ಕುಂತು. ನಿಮ್ಮ ಪಾಳಿಯಾಗ ಮುಂದ ಮಾಡಾಕ ಹೋದರ ಚಾವಿ ಬಿಚ್ಚವಲ್ದು. ಬದುವಿನ ಹಿಂದ ಕುಂತು ತಿರುವಿ ತಿರುವಿ ಬೆರಳ ತೊಗಲ ಸುಲೀತು, ಬಿಚ್ಚಲಿಲ್ಲ. ಚಾವಿ ಖರೇನ ಹಿಡದ ಕುಂತು, ನಿಮಗ ಪೂರಾ ಪಾಳಿ ಸಿಕ್ತು. ಕಡೀ ಮಡಿಗೆ ನೀರ ಮುಟ್ಟಿತು. ಅವತ್ತ ಗೊತ್ತಾತೇನ್ರಿ ನಿಮಗ?

ಜುಬೇದಾಬಿಯಾರು ಆ ಮಡಿಗೆ ಕೊಡದಲೆ ನೀರ ಹೊತ್ತ ಹಾಕತಿದ್ರು. ನಾನು ನೋಡೇನಿ. ಉಳ್ಳಾಗಡ್ಡಿಗೂ ಚಾ ಕುಡಸಾಕ ಹೊಂಟೀರೇನ್ರಿ ಅಂತ ಕೇಳಿದ್ದೆ. ಕೊಡಾ ಇಳಿಸಿ ನಕ್ಕಿದ್ರು.

…ನೀವು ಬೈಲಹೊಂಗಲಕ್ಕ ಎದಕ್ಕ ಬಂದೀರಿ? ಕೇಳಾಕ ಮರತ ಬಿಟ್ಟೆ. ಚೀಲದಾಗ ಏನೂ ಇಲ್ಲಲ್ಲ, ಮಡಚಿದ್ದು ಮಡಚಿದಂಗ ಐತಿ. ಸಂತಿ ಇವತ್ತಲ್ಲ. ಯಾವ ಬಸ್ಸಿಗೆ ಬಂದ್ರಿ? ನನ್ನ ಬಸ್ಸಿಗೇ ಏನು? ಹಿಂದಿನ ಸೀಟಿನ್ಯಾಗ ಇದ್ರೇನು? ಆ ಮುದಕಿ ಕೈ ಹಿಡದು ವಾಯು ಅಂದಾಗ… ನಾನು ಆಡಿದ್ದೆಲ್ಲಾ ಕೇಳಿಸಿಕೊಂಡು, ಇಳದು, ನನ್ನ ಹಿಂದ ನಡದು ಬಂದು, ನಾನು ಗ್ವಾಡಿ ಕಡೆ ಇದ್ದದ್ದ ನೋಡಿ ಬಾಜೂಕ ಕುಂತ್ರಿ.

ಅಗೋ, ಶಟರ್ ಎತ್ತಾಕ ಹತ್ಯಾನ. ಊದಬತ್ತಿ ಹಚ್ಚತಾನ. ಕೊಡ್ರಿ ಇನ್ನ. ಹೋಗಿ ಚಾವಿ ಬಿಚ್ಚಿಸಿ, ಹೊತ್ತ ಸರಿ ಮಾಡಿಸಿ, ಮತ್ತ ನಾನು ಎಂದೂ… ಕೊಡ್ರಿ ಅಂದೆ. ಯಾಕ ಮುಟಗಿ ಹಿಡದೀರಿ? ಬಿಚ್ಚಿಸೋದು ಬ್ಯಾಡೇನು? ಅರ್ಧಾ ತಾಸ ಹಿಂದ ಇದ್ದರ ಇರಲೇನು? ಎಲ್ಲಾರ ಪಾಳಿಗೂ ಅಷ್ಟ ಹಿಂದ ಅಂದ್ರ ಯಾರಿಗೂ ಲುಕ್ಸಾನ ಇಲ್ಲ, ಅದು ಹೌದು. ಹಿಂಗ ಇದ್ದರ ಯಾರೂ ತಿರುವಾಕ ಬರಂಗಿಲ್ಲ. ನಾನೂ ಸೈತ.

ಆತು. ನಿಮ್ಮ ಕೈಗೇ ಕಟ್ಟಿಕೊಳ್ರಿ. ಪಟ್ಟಿ ಸಡ್ಲ ಆಕ್ಕೈತಿ ನಿಮಗ, ಒಳಗಿನ ತೂತಿಗೆ ಹಾಕ್ರಿ. ಊರಾಗ ಕೇಳಿದರ ಏನ ಹೇಳತೀರಿ, ತೂಬಿನ ವಾಚ ನಿಮ್ಮ ಕೈಗೆ ಹ್ಯಾಂಗ ಬಂತಂತ ಅಜ್ಜ ಕೇಳಿದರ… ನಾನ ಹೇಳಬೇಕೇನು? ಕಟ್ಟಿ ಮ್ಯಾಲ? ಎಲ್ಲಾರ ಮುಂದ? ಯಾರು ನಂಬತಾರ್ರಿ, ಮತ್ತ ಮಸ್ಕಿರಿ ಅಂತಾರ.

ಎದ್ರಿ. ಬಾಜೂ ಖಾಲಿ ಆತು. ಇಷ್ಟೊತ್ತನಕ ಎದ್ದ ಹೋಗಬೇಕಂತ ಚಡಪಡಸತಿದ್ದೆ, ಈಗ ದಾರಿ ಬಿಟ್ಟೀರಿ. ನೋಡ್ರಿ, ಏಳಾಕ ಬರವಲ್ದು. ನನ್ನ ಕೈ ಒಂದ ಇನ್ನೂ ಆಡಾಕ ಹತ್ತೇತಿ, ಬರೇ ಕೈ. ಮೊದಲ ಮಂದಿ ನೋಡಲೆಂತ ಆಡಸತಿದ್ದೆ. ಚಾವಿ ಹಿಡದ ಮ್ಯಾಲ ಖರೇನ ಆಡಸಬೇಕಾತು. ಈಗ ಎದಕ್ಕ ಆಡಾಕ ಹತ್ತೇತೋ ಅದಕ್ಕೂ ಗೊತ್ತಿಲ್ಲ.

ಸಾಬರ, ನಿಮ್ಮ ಕೈ ಸುಮ್ಮನ ಇಳಿ ಬಿಡಬ್ಯಾಡ್ರಿ. ಆಡಸಕೋತ ನಡೀರಿ, ನಿಲ್ಲತೈತಿ.

ಒಂದ ನಿಮಿಷ. ಹಂಗ ಹೋಗಬ್ಯಾಡ್ರಿ. ಚಾದ ರೊಕ್ಕ ಕೊಟ್ಟ ಹೋಗ್ರಿ. ನನ್ನಹತ್ರ ಐತಿ, ಇಲ್ಲಂತಲ್ಲ, ಕಿಸೇದಾಗನ ಐತಿ. ಆದರೂ ನನ್ನ ಚಾದ್ದು ನೀವ ಕೊಡ್ರಿ. ಇದೊಂದ ಸಲ.